ಲವ್ ಬರ್ಡ್‌ನಿಂದ ಹುಲಿಯವರೆಗೆ: ಕಾಯಿಲೆ, ಪರೀಕ್ಷೆ, ಔಷಧಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಳಗಾವಿಯಲ್ಲಿ ಪಶುವೈದ್ಯ. ಬೆಳಗ್ಗೆ ಆಕಳು, ಎಮ್ಮೆ, ನಾಯಿ. ಸಂಜೆಯಾದರೆ ಬೇರೆ ಸಂತೆಯೇ ಸೇರುತ್ತದೆ. ಗೋಕಾಕಿನಿಂದ ಕರದಂಟಿನ ಡಬ್ಬಿಯಲ್ಲಿ ಹಕ್ಕಿ ಬರುತ್ತದೆ, ಜಮಖಂಡಿಯಿಂದ ಬಕೆಟ್‌ನಲ್ಲಿ ಆಮೆ, ವಿಜಯಪುರದಿಂದ ಬಸ್ಸಿನಲ್ಲಿ ತೊಡೆ ಮೇಲೆ ಕೂತು ಮೊಲ. ಜನ ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ. ಮೃಗಾಲಯದ ಪ್ರಾಣಿಗಳ ಬಗ್ಗೆಯೂ ಜಾಸ್ತಿ ಕೇಳುತ್ತಾರೆ, ಅದರಲ್ಲೂ 2025ರ ನವೆಂಬರ್‌ನಲ್ಲಿ ಇಲ್ಲೇ ಭೂತರಾಮನಹಟ್ಟಿ ಮೃಗಾಲಯದಲ್ಲಿ ಕೃಷ್ಣಮೃಗಗಳು ಸತ್ತ ಮೇಲೆ. ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ನಿನ್ನೆ ತನಕ ಚೆನ್ನಾಗಿತ್ತು, ಬೆಳಗ್ಗೆ ಎದ್ದು ನೋಡಿದರೆ ಸತ್ತು ಬಿದ್ದಿತ್ತು. ಒಂದೇ ರಾತ್ರಿಯಲ್ಲಿ ಹಾಗಾಗುತ್ತಾ?

ಬಹಳ ಸಲ ಒಂದೇ ರಾತ್ರಿಯಲ್ಲಿ ಆಗಿರುವುದಿಲ್ಲ. ವಾರದಿಂದ, ಕೆಲವೊಮ್ಮೆ ತಿಂಗಳಿಂದ ಕಾಯಿಲೆ ಇರುತ್ತದೆ. ಪ್ರಾಣಿ ಅದನ್ನು ಬಚ್ಚಿಟ್ಟಿರುತ್ತದೆ. ನಾಯಿಗೆ ಜ್ವರ ಬಂದರೆ ನಿಮ್ಮ ಕಾಲ ಬುಡದಲ್ಲಿ ಬಂದು ಮಲಗುತ್ತದೆ. ಹಕ್ಕಿ, ಮೊಲ, ಜಿಂಕೆ ಹಾಗಲ್ಲ. ಕಾಡಿನಲ್ಲಿ ಸೊರಗಿದ್ದು ಗೊತ್ತಾದರೆ ಹದ್ದೋ ನರಿಯೋ ಮೊದಲು ಅದನ್ನೇ ಆರಿಸುತ್ತದೆ. ಹಾಗಾಗಿ ಮೈಯಲ್ಲಿ ಕಸುವು ಇರೋ ತನಕ ನೆಟ್ಟಗೆ ಕೂತಿರುತ್ತವೆ. ಅದು ಮುಗಿದ ದಿನ ಕೆಳಗೆ ಬೀಳುತ್ತವೆ. ನಮಗೆ ಕಾಣುವುದು ಆ ಕೊನೆಯ ದಿನ ಮಾತ್ರ.

ಒಮ್ಮೆ ಮುಧೋಳದಿಂದ ಒಬ್ಬರು ಕಾಕಟೀಲ್ (ತಲೆ ಮೇಲೆ ಜುಟ್ಟಿರುವ ಸಣ್ಣ ಗಿಳಿ) ತಂದಿದ್ದರು. ನಮ್ಮ ಕಡೆ ಎಲ್ಲರೂ ಅದಕ್ಕೆ ‘ಕಾಕ್‌ಟೇಲ್’ ಅಂತಲೇ ಅನ್ನೋದು, ನಾನೂ ಈಗ ತಿದ್ದೋದು ಬಿಟ್ಟಿದ್ದೇನೆ. "ತಿನ್ನೂದು ಏನೂ ಕಮ್ಮಿ ಆಗಿಲ್ರೀ ಡಾಕ್ಟ್ರ, ದಿನಾ ಬಟ್ಟಲದಾಗ ಮುಖ ಹಾಕ್ಕೊಂಡ ಇರತೈತಿ" ಅಂದರು. ಪುಣ್ಯಕ್ಕೆ ಬಟ್ಟಲನ್ನೂ ತಂದಿದ್ದರು. ಮೇಜಿನ ಮೇಲೆ ಸುರುವಿ ನೋಡಿದೆವು. ಮೇಲೆ ಹೊಟ್ಟು, ಕೆಳಗೆ ಒಡೆದು ಬಿಟ್ಟ ಕಾಳು. ಹಕ್ಕಿ ಕಾಳು ಒಡೆಯುತ್ತಿತ್ತು, ನುಂಗುತ್ತಿರಲಿಲ್ಲ. ಎದೆ ಮೇಲೆ ಬೆರಳಿಟ್ಟರೆ ನಡುವಿನ ಎಲುಬು ಚಾಕುವಿನ ಅಂಚಿನ ಹಾಗೆ ತಾಗಿತು. 90 ಗ್ರಾಂ ಆಸುಪಾಸು ಇರಬೇಕಾದ ಹಕ್ಕಿ 68 ಗ್ರಾಂ ಇತ್ತು. ಗರಿ ಉಬ್ಬಿಸಿಕೊಂಡು ಕೂತರೆ ಇದ್ಯಾವುದೂ ಹೊರಗೆ ಕಾಣುವುದಿಲ್ಲ.

ಹಾಗಾದರೆ ಮನೆಯಲ್ಲಿ ನಾವು ಏನು ನೋಡಬೇಕು?

ಎರಡು ವಿಷಯ: ತೂಕ ಮತ್ತು ಹಿಕ್ಕೆ. ಉಳಿದದ್ದೆಲ್ಲ ಆಮೇಲೆ.

ಅಡುಗೆ ಮನೆಯಲ್ಲಿ ಇಡುವ ಚಿಕ್ಕ ಡಿಜಿಟಲ್ ಕಾಟಾ ಸಿಗುತ್ತದಲ್ಲ, ಒಂದೊಂದು ಗ್ರಾಂ ತೋರಿಸುವಂಥದ್ದು, ಅದೊಂದನ್ನು ತನ್ನಿ. ವಾರಕ್ಕೆರಡು ಸಲ, ಬೆಳಗ್ಗೆ ಕಾಳು ಹಾಕುವ ಮುಂಚೆ ತೂಗಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಬಡ್ಜಿ (ಇದನ್ನೇ ಅಂಗಡಿಯವರು ಲವ್ ಬರ್ಡ್ ಅಂತ ಮಾರುತ್ತಾರೆ) 30ರಿಂದ 40 ಗ್ರಾಂ ತೂಗುತ್ತದೆ. 35 ಗ್ರಾಂ ಹಕ್ಕಿ 4 ಗ್ರಾಂ ಇಳಿದರೆ ನಿಮಗೆ ಏನೂ ಅನ್ನಿಸಲಿಕ್ಕಿಲ್ಲ. ಆದರೆ ಅದು 60 ಕೆಜಿ ಮನುಷ್ಯ 7 ಕೆಜಿ ಇಳಿದ ಹಾಗೆ.

ಹಿಕ್ಕೆ ನೋಡಲು ಪಂಜರದ ತಳಕ್ಕೆ ಬಿಳಿ ಹಾಳೆ ಹಾಕಿ, ದಿನಾ ಬದಲಿಸಿ. ಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗ ಇರುತ್ತದೆ. ಹಸಿರು ಅಥವಾ ಕಂದು ಬಣ್ಣದ ಗಟ್ಟಿ ಭಾಗ, ಸುಣ್ಣದಂಥ ಬಿಳಿ ಭಾಗ, ಸುತ್ತ ನೀರು. ಬಿಳಿ ಭಾಗ ಹಳದಿ-ಹಸಿರಾದರೆ ಲಿವರ್ ಕಡೆ ನೋಡಬೇಕು. ಗಟ್ಟಿ ಭಾಗವೇ ಇಲ್ಲದೆ ಬರೀ ಬಿಳಿ, ನೀರು ಬಂದರೆ ಹೊಟ್ಟೆಗೆ ಏನೂ ಹೋಗುತ್ತಿಲ್ಲ ಅಂತ. ಬೀಟ್‌ರೂಟ್ ಕೊಟ್ಟ ದಿನ ಕೆಂಪಗೆ ಬಂದರೆ ಗಾಬರಿಯಾಗಬೇಡಿ. ಪ್ರತಿ ವರ್ಷ ಇಬ್ಬರಾದರೂ ಅದಕ್ಕೇ ಓಡಿ ಬರುತ್ತಾರೆ.

ಯಾವಾಗ ಬೆಳಗಾಗುವ ತನಕ ಕಾಯಬಾರದು?

ಹಕ್ಕಿ ಪಂಜರದ ತಳದಲ್ಲಿ ಕೂತರೆ. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ. ಹೆಣ್ಣು ಹಕ್ಕಿ ಹೊಟ್ಟೆ ಉಬ್ಬಿ ತಿಣುಕುತ್ತಿದ್ದರೆ. ಅದು ಮೊಟ್ಟೆ ಸಿಕ್ಕಿಕೊಂಡಿರುವ ಲಕ್ಷಣ, ದಯವಿಟ್ಟು ಎಣ್ಣೆ ಹಚ್ಚಿ ಒತ್ತಲು ಹೋಗಬೇಡಿ, ಒಳಗೆ ಮೊಟ್ಟೆ ಒಡೆದರೆ ಹಕ್ಕಿ ಉಳಿಯೋದು ಕಷ್ಟ. ಮೊಲ ಅಥವಾ ಗಿನಿಪಿಗ್ 12 ತಾಸು ಏನೂ ತಿನ್ನದಿದ್ದರೆ. ಯಾವುದೇ ಪ್ರಾಣಿ ಬಾಯಿ ತೆರೆದು ಉಸಿರಾಡುತ್ತಿದ್ದರೆ.

ವಿಜಯಪುರದಿಂದ ಬರಬೇಕು, ದಾರಿ ಉದ್ದ. ಹೇಗೆ ತರೋದು?

ಮೊದಲು ಹತ್ತಿರದ ಪಶು ದವಾಖಾನೆಯಲ್ಲಿ ತೋರಿಸಿ. ಅಲ್ಲಿನ ಡಾಕ್ಟರು ನನಗೆ ಫೋನ್ ಮಾಡಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಬರಲೇಬೇಕು ಅಂದರೆ ಹಕ್ಕಿಯನ್ನು ದೊಡ್ಡ ಪಂಜರದಲ್ಲಿ ತರಬೇಡಿ. ಬೂಟಿನ ರಟ್ಟಿನ ಡಬ್ಬಿ ಸಾಕು. ಗಾಳಿಗೆ ತೂತು ಮಾಡಿ, ತಳಕ್ಕೆ ಹಳೆ ಟವೆಲ್ ಹಾಸಿ. ಕತ್ತಲಿದ್ದರೆ ಹಕ್ಕಿ ಸುಮ್ನೆ ಕೂರುತ್ತದೆ. ಕಾಯಿಲೆ ಹಕ್ಕಿಗೆ 30 ಡಿಗ್ರಿ ಆಸುಪಾಸಿನ ಬೆಚ್ಚನೆ ಬೇಕು. ಚಳಿಗಾಲದಲ್ಲಿ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬಿಯ ಒಂದು ಪಕ್ಕ ಇಡಿ. ಇನ್ನೊಂದು ಪಕ್ಕ ತಂಪಾಗಿರಲಿ, ಸೆಕೆಯಾದರೆ ಸರಿಯಲು ಜಾಗ ಬೇಕು. ನೀರಿನ ಬಟ್ಟಲು ಬೇಡ, ಚೆಲ್ಲಿ ಮೈ ತೊಯ್ಯುತ್ತದೆ. ಸೌತೆಕಾಯಿ ತುಂಡು ಹಾಕಿ.

ಮುಖ್ಯವಾದ ಮಾತು: ಪಂಜರ ತೊಳೆಯಬೇಡಿ! ಡಾಕ್ಟರ ಹತ್ತಿರ ಹೋಗೋದು ಅಂತ ಎಲ್ಲ ತಿಕ್ಕಿ ತೊಳೆದು ಫಳಫಳ ಮಾಡಿಕೊಂಡು ಬರುತ್ತಾರೆ. ನನಗೆ ಬೇಕಾಗಿದ್ದು ಆ ಹಿಕ್ಕೆಯೇ. ತಿನ್ನಿಸುವ ಕಾಳು, ಇಲ್ಲಿಯವರೆಗೆ ಹಾಕಿದ ಔಷಧಿಯ ಚೀಟಿ, ಪಂಜರದ ಒಂದು ಫೋಟೋ ಕೂಡ ತನ್ನಿ.

ಮೆಡಿಕಲ್ ಶಾಪ್‌ನಲ್ಲಿ ಕೇಳಿ ಸ್ವಲ್ಪ ಸ್ವಲ್ಪ ಔಷಧಿ ಹಾಕಿದರೆ ಆಗೋದಿಲ್ವಾ?

ಇದಕ್ಕೆ ಉದ್ದ ಉತ್ತರ ಕೊಡುತ್ತೇನೆ, ಯಾಕೆಂದರೆ ನಾನು ನೋಡಿದ ಸಾವುಗಳಲ್ಲಿ ಒಂದು ದೊಡ್ಡ ಪಾಲು ಇದರದ್ದು.

ಮನುಷ್ಯರ ಮಕ್ಕಳಿಗೆ ಕೊಡುವ ಅಮಾಕ್ಸಿಸಿಲಿನ್ ಸಿರಪ್ ಮೊಲದ ಬಾಯಿಗೆ ಹೋದರೆ ಅದರ ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ, ವಿಷ ಉಗುಳುವ ಕೆಟ್ಟವು ಏರುತ್ತವೆ. ಕೆಲವು ದಿನಗಳಲ್ಲಿ ಭೇದಿಯಾಗಿ ಮೊಲ ಸಾಯಬಹುದು. ಗಿನಿಪಿಗ್‌ಗೂ ಅಷ್ಟೇ. ಒಬ್ಬ ಹುಡುಗಿ ತನ್ನ ಮೊಲಕ್ಕೆ ಶೀತ ಅಂತ ಮೂರು ದಿನ ಆ ಗುಲಾಬಿ ಸಿರಪ್ ಕುಡಿಸಿ, ನಾಲ್ಕನೇ ದಿನ ನನ್ನ ಹತ್ತಿರ ತಂದಳು. ಕೊಟ್ಟ ಅಂಗಡಿಯವರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ಉಳಿಸಲು ಆಗಲಿಲ್ಲ.

ನಾಯಿಯ ಮೈಮೇಲಿನ ಉಣ್ಣೆ ಹುಳಕ್ಕೆ ಹಾಕುವ ಫಿಪ್ರೊನಿಲ್ ಹನಿ ಮೊಲಕ್ಕೆ ವಿಷ. ಕುರಿ, ಆಕಳಿಗೆ ನಾವು ಕಣ್ಣು ಮುಚ್ಚಿ ಕೊಡುವ ಐವರ್ಮೆಕ್ಟಿನ್ ಆಮೆಗೆ ವಿಷ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಬೆಕ್ಕಿನ ಲಿವರ್ ಅದನ್ನು ಕರಗಿಸಲಾರದು, ಹುಲಿ ಚಿರತೆಯೂ ಅದೇ ಮನೆತನ ನೋಡಿ. ದನಕ್ಕೆ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್, ಆ ದನ ಸತ್ತ ಮೇಲೆ ಅದರ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ ದೇಶದ ರಣಹದ್ದುಗಳನ್ನೇ ಬಹುತೇಕ ಖಾಲಿ ಮಾಡಿತು. 2006ರಲ್ಲಿ ಪ್ರಾಣಿಗಳಿಗೆ ಅದನ್ನು ನಿಷೇಧಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ಹೋದವು. ಮೆಲಾಕ್ಸಿಕಾಂ ರಣಹದ್ದಿಗೆ ತೊಂದರೆ ಕೊಡುವುದಿಲ್ಲ. ನೋವು ಒಂದೇ, ಔಷಧಿಯ ಗುಂಪೂ ಒಂದೇ, ಆದರೆ ಒಂದು ಕೊಲ್ಲುತ್ತದೆ, ಒಂದು ಇಲ್ಲ.

ಇನ್ನು ಅಂಗಡಿಯಲ್ಲಿ ಸಿಗುವ ಹಳದಿ ಬಣ್ಣದ ಔಷಧಿ ಪುಡಿ, ನೀರಿಗೆ ಬೆರೆಸುವಂಥದ್ದು. ಕಾಯಿಲೆ ಬಿದ್ದ ಹಕ್ಕಿ ನೀರನ್ನೇ ಸರಿಯಾಗಿ ಕುಡಿಯುವುದಿಲ್ಲ. ಕಹಿ ಹಳದಿ ನೀರನ್ನು ಇನ್ನೂ ಕುಡಿಯುವುದಿಲ್ಲ. ಔಷಧಿ ಬಟ್ಟಲಿನಲ್ಲೇ ಉಳಿಯುತ್ತದೆ, ಹಕ್ಕಿ ನೀರಡಿಸಿ ಮತ್ತಷ್ಟು ಸೊರಗುತ್ತದೆ. ಬಾಯಿಗೆ ಗ್ಲೂಕೋಸ್ ನೀರು ಸುರಿಯೋದೂ ಬೇಡ, ಶ್ವಾಸನಾಳಕ್ಕೆ ಹೋಗುತ್ತದೆ.

ಪರೀಕ್ಷೆ ಅಂದರೆ ಏನೇನು ಮಾಡುತ್ತೀರಿ? ಹಕ್ಕಿಗೆ ರಕ್ತ ಪರೀಕ್ಷೆ ಇರುತ್ತಾ?

ಇರುತ್ತದೆ. ಆರೋಗ್ಯವಾಗಿರುವ ಹಕ್ಕಿಯ ಮೈತೂಕದ ಶೇ 1ರಷ್ಟು ರಕ್ತ ತೆಗೆಯಬಹುದು. 35 ಗ್ರಾಂ ಬಡ್ಜಿಯಲ್ಲಿ ಅದು ಸುಮಾರು ಏಳು ಹನಿ. ಸೊರಗಿದ್ದರೆ ಇನ್ನೂ ಕಡಿಮೆ. ಕತ್ತಿನ ಬಲಗಡೆಯ ರಕ್ತನಾಳ ದೊಡ್ಡದು, ಅಲ್ಲಿಂದಲೇ ತೆಗೆಯೋದು.

ವೃತ್ತಿಯ ಶುರುವಿನಲ್ಲಿ ಒಂದು ಗಿಣಿಯ ರಕ್ತವನ್ನು ಮನುಷ್ಯರ ಲ್ಯಾಬ್‌ಗೆ ಕಳಿಸಿದ್ದೆ. ಬಿಳಿ ರಕ್ತಕಣ ಲಕ್ಷಗಟ್ಟಲೆ ಅಂತ ರಿಪೋರ್ಟ್ ಬಂತು. ನಾನು ರಕ್ತದ ಕ್ಯಾನ್ಸರೇ ಇರಬೇಕು ಅಂತ ಹೆದರಿ ರಾತ್ರಿಯೆಲ್ಲ ಪುಸ್ತಕ ತಿರುವಿದೆ. ವಿಷಯ ಇಷ್ಟೇ: ನಮ್ಮ ಕೆಂಪು ರಕ್ತಕಣಕ್ಕೆ ನಡುವೆ ಬೀಜ (ನ್ಯೂಕ್ಲಿಯಸ್) ಇಲ್ಲ, ಹಕ್ಕಿ, ಹಾವು, ಆಮೆಯ ಕೆಂಪು ರಕ್ತಕಣಕ್ಕೆ ಇದೆ. ಯಂತ್ರ ಅದನ್ನೆಲ್ಲ ಬಿಳಿ ಕಣ ಅಂತ ಎಣಿಸಿತ್ತು. ಅಂದಿನಿಂದ ಗಾಜಿನ ಮೇಲೆ ರಕ್ತ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನಾನೇ ಎಣಿಸುತ್ತೇನೆ. ಕಣ್ಣು ನೋಯುತ್ತದೆ, ಆದರೆ ಲೆಕ್ಕ ತಪ್ಪೋದಿಲ್ಲ.

ಹಿಕ್ಕೆ ಪರೀಕ್ಷೆ ಎಲ್ಲಕ್ಕಿಂತ ಅಗ್ಗ, ಹುಳು ಇದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಎಕ್ಸ್‌ರೇ ಬೇಕಾದರೆ ಹಕ್ಕಿಗೆ ಮಾಸ್ಕ್ ಹಿಡಿದು ಐಸೊಫ್ಲುರೇನ್ ಅನಿಲ ಕೊಟ್ಟು ಮಲಗಿಸುತ್ತೇವೆ. "ಇಷ್ಟು ಸಣ್ಣ ಜೀವಕ್ಕೆ ಅರಿವಳಿಕೆನಾ?" ಅಂತ ಹೆದರುತ್ತಾರೆ. ಎಚ್ಚರವಾಗಿರುವ ಹಕ್ಕಿಯನ್ನು ಒತ್ತಿ ಹಿಡಿದರೆ ಅದರ ಎದೆ ಆಡೋದಿಲ್ಲ, ಹಕ್ಕಿ ಉಸಿರಾಡೋದು ಎದೆ ಆಡಿಸಿಯೇ. ಹಿಡಿತದಲ್ಲೇ ಸಾಯಬಹುದು. ಅದಕ್ಕಿಂತ ಐದು ನಿಮಿಷದ ನಿದ್ದೆ ವಾಸಿ.

ನೀರಾಮೆ ಕಣ್ಣು ಮುಚ್ಚಿಕೊಂಡಿದೆ, ತಿನ್ನುತ್ತಿಲ್ಲ. ಕಣ್ಣಿಗೆ ಡ್ರಾಪ್ಸ್ ಕೊಡಿ.

ಡ್ರಾಪ್ಸ್ ಕೊಡುತ್ತೇನೆ, ಆದರೆ ಕಾಯಿಲೆ ಬಹುತೇಕ ಕಣ್ಣಿನದ್ದಲ್ಲ. ಕಿವಿ ಹತ್ತಿರ ಕೆಂಪು ಪಟ್ಟಿ ಇರುವ ಆ ಪುಟ್ಟ ಆಮೆಗೆ ಜನ ಒಣ ಸೀಗಡಿ ಒಂದನ್ನೇ ವರ್ಷಗಟ್ಟಲೆ ಹಾಕುತ್ತಾರೆ. ವಿಟಮಿನ್ ಎ ಕೊರತೆಯಾಗಿ ರೆಪ್ಪೆ ಊದುತ್ತದೆ. ಕಣ್ಣು ಕಾಣದಿದ್ದರೆ ಅದು ತಿನ್ನುವುದಿಲ್ಲ. ತಿನ್ನದಿದ್ದರೆ ಕೊರತೆ ಇನ್ನೂ ಜಾಸ್ತಿ.

ಜೊತೆಗೆ ಚಿಪ್ಪು ಒತ್ತಿ ನೋಡಿ. ಮೆತ್ತಗಿದ್ದರೆ ಕ್ಯಾಲ್ಸಿಯಂ, ಬಿಸಿಲು ಎರಡೂ ಸಿಕ್ಕಿಲ್ಲ. ಬಿಸಿಲಿನ ಯಾವ ಕಿರಣದಿಂದ ಆಮೆ, ಇಗ್ವಾನಾ (ಹೊರದೇಶದ ದೊಡ್ಡ ಓತಿ) ವಿಟಮಿನ್ ಡಿ ಮಾಡಿಕೊಳ್ಳುತ್ತವೋ ಆ ಕಿರಣವನ್ನು ಕಿಟಕಿಯ ಗಾಜು ತಡೆಯುತ್ತದೆ. ಹಾಗಾಗಿ "ಕಿಟಕಿ ಹತ್ತಿರಾನೇ ಇಟ್ಟಿದ್ದೇವೆ" ಅನ್ನೋದು ಲೆಕ್ಕಕ್ಕಿಲ್ಲ. ವಿಜಯಪುರ, ಬಾಗಲಕೋಟೆಯವರು ಬಿಸಿಲಿನ ಕೊರತೆಯಿಂದ ಎಲುಬು ಬಾಗಿದ ಇಗ್ವಾನಾ ತಂದಾಗ ನನಗೆ ಅಳಬೇಕೋ ನಗಬೇಕೋ ತಿಳಿಯೋದಿಲ್ಲ. ನಮ್ಮಲ್ಲಿ ಬಿಸಿಲಿಗೇನು ಬರವಾ? ಬೆಳಗಿನ ಎಳೆ ಬಿಸಿಲಲ್ಲಿ ಅರ್ಧ ತಾಸು ಟಬ್‌ನಲ್ಲಿ ಬಿಡಿ, ಅರ್ಧ ಟಬ್‌ಗೆ ನೆರಳಿರಲಿ. ಗಾಜಿನ ತೊಟ್ಟಿ ಸಮೇತ ಬಿಸಿಲಿಗೆ ಇಡಬೇಡಿ, ಒಳಗೆ ಬೆಂದು ಹೋಗುತ್ತದೆ.

ಆಮೆ ನೀರಲ್ಲಿ ಒಂದು ಕಡೆ ವಾಲಿ ತೇಲುತ್ತಿದ್ದರೆ ನ್ಯುಮೋನಿಯಾ ಇರಬಹುದು. ಇಲ್ಲಿ ಒಂದು ವಿಷಯ ತಿಳಿದಿರಲಿ. ಆಮೆ, ಹಾವುಗಳ ಮೈ ಬಿಸಿ ಹೊರಗಿನಿಂದ ಬರಬೇಕು. ಬೆಳಗಾವಿಯ ಡಿಸೆಂಬರ್ ಚಳಿಯಲ್ಲಿ ತಣ್ಣಗೆ ಬಿದ್ದಿರುವ ಆಮೆಗೆ ಎಂಥ ಆಂಟಿಬಯಾಟಿಕ್ ಕೊಟ್ಟರೂ ಕೆಲಸ ಮಾಡೋದಿಲ್ಲ. ಮೊದಲು ಬೆಚ್ಚಗೆ ಮಾಡಬೇಕು, ಆಮೇಲೆ ಸೂಜಿ. ಸೂಜಿಯನ್ನೂ ಮುಂಗಾಲಿಗೇ ಹಾಕುತ್ತೇವೆ, ಹಿಂಗಾಲಿಗೆ ಹಾಕಿದರೆ ಔಷಧಿ ಮೈಗೆಲ್ಲ ಹರಡುವ ಮೊದಲೇ ಮೂತ್ರಪಿಂಡಕ್ಕೆ ಹೋಗಬಹುದು. ಅವುಗಳ ಮೈ ನಿಧಾನ, ಔಷಧಿ ಖರ್ಚಾಗೋದೂ ನಿಧಾನ. ಹಾವಿಗೆ ಸೆಫ್ಟಾಜಿಡಿಮ್ ಅನ್ನುವ ಆಂಟಿಬಯಾಟಿಕ್ ಮೂರು ದಿನಕ್ಕೊಮ್ಮೆ ಸಾಕು. ವಾಸಿಯಾಗಲು ತಿಂಗಳು ಹಿಡಿದರೆ ಬೇಸರ ಮಾಡಿಕೊಳ್ಳಬೇಡಿ.

ಮೈಮೇಲೆ ನಕ್ಷತ್ರ ಇರುವ ನೆಲದಾಮೆ ಬೇರೆ ಕಥೆ. ಅದನ್ನು ಮನೆಯಲ್ಲಿ ಇಡೋದೇ ಅಪರಾಧ. ನಮ್ಮ ಹಸಿರು ಗಿಣಿಯೂ ಅಷ್ಟೇ. ಕಾಯಿಲೆ ಬಂದಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸಿ, ಚಿಕಿತ್ಸೆ ಅಲ್ಲಿಂದ ನಡೆಯಲಿ.

ಬೇಸಿಗೆಯಲ್ಲಿ ಮೊಲ ಸಾಯುತ್ತವೆ. ಏನು ಮಾಡೋದು?

ಮೊಲಕ್ಕೆ 30 ಡಿಗ್ರಿ ದಾಟಿದರೆ ಕಷ್ಟ. ನಮ್ಮ ಏಪ್ರಿಲ್‌ನಲ್ಲಿ 40. ತಗಡಿನ ಶೆಡ್ಡಿನಲ್ಲಿ ಇಟ್ಟರೆ ಮಧ್ಯಾಹ್ನ ಎರಡಕ್ಕೆ ಬಾಯಿ ತೆಗೆದು ಬೀಳುತ್ತವೆ. ಬಾಟಲಿಯಲ್ಲಿ ನೀರು ಗಟ್ಟಿ ಮಾಡಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಶಾಖ ತಾಗಿದ್ದರೆ ಕಿವಿಗೆ ಮಾತ್ರ ತಣ್ಣೀರು ಒರೆಸಿ. ಐಸ್ ನೀರಲ್ಲಿ ಮುಳುಗಿಸಬೇಡಿ.

ಹೊಟ್ಟೆ ನಿಂತುಹೋಗುವುದು ಇನ್ನೊಂದು. ಬಿಸ್ಕತ್ತು, ರೊಟ್ಟಿ, ಅನ್ನ ಹಾಕಿ ಬೆಳೆಸಿದ ಮೊಲದ ಕರುಳು ಒಂದು ದಿನ ಆಡೋದನ್ನೇ ನಿಲ್ಲಿಸುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಣ ಹುಲ್ಲು ಊಟದ ಬಹುಪಾಲು ಇರಬೇಕು. ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೆ ಮಾತ್ರ ಸವೆಯೋದು. ಗಿನಿಪಿಗ್‌ಗೆ ಇದರ ಮೇಲೆ ವಿಟಮಿನ್ ಸಿ ಬೇಕು, ನಮ್ಮ ಹಾಗೆಯೇ ಅದಕ್ಕೂ ಮೈಯಲ್ಲಿ ಮಾಡಿಕೊಳ್ಳಲು ಬರೋದಿಲ್ಲ. ದೊಣ್ಣೆಮೆಣಸಿನಕಾಯಿ, ಕೊತ್ತಂಬರಿ ಕೊಡಿ.

ನಮ್ಮ ಗಿಳಿ ಶೇಂಗಾ, ಸೂರ್ಯಕಾಂತಿ ಬಿಟ್ಟು ಏನೂ ಮುಟ್ಟಲ್ಲ.

ನೀವು ಬರೀ ಕರಿದಿದ್ದೇ ತಟ್ಟೆಗೆ ಹಾಕಿದರೆ ಮಕ್ಕಳು ಪಲ್ಯ ಮುಟ್ಟುತ್ತಾರಾ? ಎಣ್ಣೆ ಕಾಳಿನಿಂದ ಲಿವರ್‌ಗೆ ಕೊಬ್ಬು ತುಂಬುತ್ತದೆ, ವಿಟಮಿನ್ ಎ ಇಲ್ಲದೆ ಮೂಗು ಕಟ್ಟುತ್ತದೆ. ನವಣೆ, ಸಜ್ಜೆ, ಮೆಂತ್ಯ ಸೊಪ್ಪು, ನುಗ್ಗೆ ಸೊಪ್ಪು, ಗಜ್ಜರಿ ನಿಧಾನಕ್ಕೆ ಅಭ್ಯಾಸ ಮಾಡಿಸಿ. ಶೇಂಗಾದಲ್ಲಿ ಇನ್ನೊಂದು ಅಪಾಯ ಇದೆ. ಮಳೆಗಾಲದಲ್ಲಿ ಬೂಸು ಹಿಡಿದ ಕಾಯಿ ತಿಂದು ಲಿವರ್ ಹೋದದ್ದು, ಆ ಬೂಸಿನ ಧೂಳು ಶ್ವಾಸಕೋಶಕ್ಕೆ ಇಳಿದದ್ದು ಎರಡನ್ನೂ ನೋಡಿದ್ದೇನೆ. ಶ್ವಾಸಕೋಶಕ್ಕೆ ಇಳಿದ ಬೂಸಿಗೆ ತಿಂಗಳುಗಟ್ಟಲೆ ಔಷಧಿ. ಬೆಣ್ಣೆಹಣ್ಣು, ಚಾಕೊಲೇಟ್ ಹಕ್ಕಿಗೆ ವಿಷ. ಕುಂದಾ ವಿಷ ಅಲ್ಲ, ಆದರೂ ಕೊಡಬೇಡಿ, ನೀವೇ ತಿನ್ನಿ.

ಅಡುಗೆ ಮನೆಯಲ್ಲಿ ಹಕ್ಕಿ ಇಡಬೇಡಿ. ನಾನ್‌ಸ್ಟಿಕ್ ತವಾ ಖಾಲಿ ಕಾದು ಬಿಟ್ಟರೆ ಅದರ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ. ನಿಮಗೆ ವಾಸನೆಯೂ ಗೊತ್ತಾಗಲಿಕ್ಕಿಲ್ಲ. ಕಬ್ಬಿಣದ ಹಂಚಿಗೆ ಆ ತೊಂದರೆ ಇಲ್ಲ.

ಇವುಗಳಿಂದ ನಮಗೆ ಕಾಯಿಲೆ ಬರುತ್ತಾ?

ಬರಬಹುದು. ಗಿಳಿ ಜಾತಿಯ ಹಕ್ಕಿಗಳಿಂದ ಬರುವ ಸಿಟಾಕೋಸಿಸ್ ಮನುಷ್ಯರಲ್ಲಿ ಜ್ವರ, ಒಣ ಕೆಮ್ಮು, ನ್ಯುಮೋನಿಯಾ ಆಗಿ ಕಾಣುತ್ತದೆ. ಒಣಗಿದ ಹಿಕ್ಕೆಯ ಧೂಳು ಮೂಗಿಗೆ ಹೋಗುವುದೇ ದಾರಿ. ಹಾಗಾಗಿ ಪಂಜರವನ್ನು ಒಣಗಿದ ಮೇಲೆ ಗುಡಿಸಬೇಡಿ, ನೀರು ಚಿಮುಕಿಸಿ ಒರೆಸಿ. ಹಕ್ಕಿಗೆ ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಸಾಮಾನ್ಯವಾಗಿ 45 ದಿನ ಕೊಡಬೇಕಾಗುತ್ತದೆ. ಹತ್ತು ದಿನಕ್ಕೆ ಚೇತರಿಸಿತು ಅಂತ ನಿಲ್ಲಿಸಿದವರು ಮತ್ತೆ ಬರುತ್ತಾರೆ. ಆಮೆಯಿಂದ ಸಾಲ್ಮೊನೆಲ್ಲಾ ಭೇದಿ. ಆಮೆ ತೊಟ್ಟಿಯನ್ನು ಪಾತ್ರೆ ತೊಳೆಯುವ ಸಿಂಕ್‌ನಲ್ಲಿ ತೊಳೆಯಬೇಡಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದು ಇಳಿಯದಿದ್ದರೆ, "ನಮ್ಮನೆಯಲ್ಲಿ ಹಕ್ಕಿ ಇದೆ" ಅಂತ ನಿಮ್ಮ ಡಾಕ್ಟರಿಗೆ ಹೇಳಿ. ಅವರಾಗಿ ಕೇಳುವುದಿಲ್ಲ.

ಬಾದಾಮಿಗೆ ಹೋದಾಗ ಕೋತಿ ಕಚ್ಚಿದರೆ, ಪರಚಿದರೆ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆಗೆ ಹೋಗಿ.

ಮೃಗಾಲಯದಲ್ಲಿ ಹುಲಿಗೆ ಕಾಯಿಲೆ ಬಂದರೆ ಯಾರು ಮುಟ್ಟುತ್ತಾರೆ?

ಆದಷ್ಟು ಯಾರೂ ಮುಟ್ಟುವುದಿಲ್ಲ. ಮೊದಲ ಡಾಕ್ಟರು ಅಲ್ಲಿನ ಪಾಲಕ, ದಿನಾ ಮಾಂಸ ಹಾಕುವವನು. "ಇವತ್ತು ಕರೆದ ಕೂಡಲೇ ಬರಲಿಲ್ಲ ಸರ್, ಎಲುಬು ಬಿಟ್ಟಿದೆ" ಅಂತ ಅವನು ಹೇಳುವ ಒಂದು ಮಾತು ಎಷ್ಟೋ ಲ್ಯಾಬ್ ರಿಪೋರ್ಟಿಗಿಂತ ಮೇಲು. ಒಳ್ಳೆಯ ಮೃಗಾಲಯಗಳಲ್ಲಿ ಮಾಂಸದ ತುಂಡು ತೋರಿಸಿ ಪ್ರಾಣಿಗೆ ಅಭ್ಯಾಸ ಮಾಡಿಸುತ್ತಾರೆ. ಕಂಬಿಗೆ ಒರಗಿ ನಿಲ್ಲುತ್ತದೆ, ಬಾಲ ಹೊರಗೆ ಬಿಡುತ್ತದೆ, ಬಾಲದಿಂದ ರಕ್ತ ತೆಗೆಯಬಹುದು. ಸಣ್ಣ ಇಂಜೆಕ್ಷನ್‌ಗೆ ಊದುಕೊಳವೆ ಇದೆ.

ಹಲ್ಲು ಕೀಳಬೇಕು, ಗಾಯ ಹೊಲಿಯಬೇಕು ಅಂದಾಗ ಪೂರ್ತಿ ಮಲಗಿಸಲೇಬೇಕು. ಜೈಲಜಿನ್ ಮತ್ತು ಕೆಟಮಿನ್ ಸೇರಿಸಿದ ಮಿಶ್ರಣ ಹಳೆಯದು, ಈಗಲೂ ಬಳಕೆಯಲ್ಲಿದೆ. ಜರ್ಮನಿಯ ಮ್ಯೂನಿಕ್‌ನ ಹೆಲಬ್ರುನ್ ಮೃಗಾಲಯದ ಹೆಸರೇ ಅದಕ್ಕೆ ಇದೆ. 4 ಮಿ.ಲೀ.ನಲ್ಲಿ 500 ಮಿ.ಗ್ರಾಂ ಜೈಲಜಿನ್, 400 ಮಿ.ಗ್ರಾಂ ಕೆಟಮಿನ್. ಹಿಂದಿನ ದಿನ ಉಪವಾಸ, ಕೆಲಸ ಬೆಳಗಿನ ತಂಪಿನಲ್ಲಿ. ಬಿದ್ದ ಮೇಲೆ ಕಣ್ಣಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟುತ್ತೇವೆ, ಆ ಔಷಧಿಯಲ್ಲಿ ಕಣ್ಣು ತೆರೆದೇ ಇರುತ್ತದೆ. ಒಬ್ಬರ ಕೆಲಸ ಬರೀ ಉಸಿರು ಎಣಿಸೋದು, ಮೈ ಬಿಸಿ ನೋಡೋದು. ಮುಗಿದ ಮೇಲೆ ಯೊಹಿಂಬಿನ್‌ನಂಥ ಎದುರು ಔಷಧಿ ಕೊಟ್ಟು ಎಬ್ಬಿಸುತ್ತಾರೆ. ಎದ್ದೇಳುವ ಮೊದಲು ಎಲ್ಲರೂ ಹೊರಗೆ, ಕತ್ತರಿ ಸೂಜಿ ಎಣಿಸಿಕೊಂಡು.

ಭೂತರಾಮನಹಟ್ಟಿಯಲ್ಲಿ ಅಷ್ಟೊಂದು ಕೃಷ್ಣಮೃಗ ಸತ್ತವಲ್ಲ, ಯಾಕೆ ಉಳಿಸಲಾಗಲಿಲ್ಲ?

2025ರ ನವೆಂಬರ್‌ನಲ್ಲಿ ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ 31 ಕೃಷ್ಣಮೃಗ ಸತ್ತವು. ಪರೀಕ್ಷೆಯಲ್ಲಿ ಕಂಡಿದ್ದು ಗಳಲೆ ರೋಗ. ಹೆಸರು ಕೇಳಿದರೆ ನಮ್ಮ ರೈತರಿಗೆ ಅಚ್ಚರಿ ಇಲ್ಲ, ಮಳೆಗಾಲದ ಮುಂಚೆ ಎಮ್ಮೆ, ಆಕಳಿಗೆ ಸೂಜಿ ಹಾಕಿಸುವುದು ಇದಕ್ಕೇ. ಪಾಶ್ಚುರೆಲ್ಲಾ ಅನ್ನುವ ಸೂಕ್ಷ್ಮಜೀವಿ ಚೆನ್ನಾಗಿರುವ ಪ್ರಾಣಿಯ ಗಂಟಲಲ್ಲೂ ಸುಮ್ನೆ ಕೂತಿರಬಹುದು. ಹವೆ ಏರುಪೇರಾದಾಗ, ಪ್ರಾಣಿ ಬೆದರಿದಾಗ, ಇಕ್ಕಟ್ಟಾದಾಗ ಏಳುತ್ತದೆ. ಜ್ವರ, ಜೊಲ್ಲು, ಗಂಟಲು ಊತ, ಗೊರಗೊರ ಉಸಿರು, ಒಂದೇ ದಿನದಲ್ಲಿ ಸಾವು. ಎಷ್ಟೋ ಸಲ ಯಾವ ಲಕ್ಷಣವೂ ಕಾಣುವುದಿಲ್ಲ, ಸತ್ತದ್ದೇ ಮೊದಲ ಲಕ್ಷಣ.

ಎಮ್ಮೆಯಾದರೆ ಜ್ವರ ಬಂದ ಕೂಡಲೇ ಕಟ್ಟಿ ಸೂಜಿ ಚುಚ್ಚುತ್ತೇವೆ, ಶುರುವಿನಲ್ಲೇ ಆಂಟಿಬಯಾಟಿಕ್ ಕೊಟ್ಟರೆ ಉಳಿಯುತ್ತದೆ. ಕೃಷ್ಣಮೃಗದ ಜ್ವರ ನೋಡೋದು ಹೇಗೆ? ಹಿಂಡಿನ ಒಳಗೆ ಹೋದರೆ ಗೋಡೆಗೆ, ಜಾಲರಿಗೆ ಹಾರಿ ಕತ್ತು ಮುರಿದುಕೊಳ್ಳುತ್ತದೆ. ಅಟ್ಟಿಸಿ ಹಿಡಿದರೆ ಮಾಂಸಖಂಡ ಒಡೆದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿ, ಬಿಟ್ಟ ಮೇಲೂ ಎರಡು ಮೂರು ದಿನಕ್ಕೆ ಸಾಯಬಹುದು. ಹಿಡಿದಿದ್ದಕ್ಕೇ ಬರುವ ಕಾಯಿಲೆ ಇದು. ಯಡಹಳ್ಳಿ ಚಿಂಕಾರ ಧಾಮದ ಸುತ್ತಲಿನ ಹೊಲದಲ್ಲಿ ನಾಯಿ ಅಟ್ಟಿಸಿದ ಚಿಂಕಾರಕ್ಕೂ ಇದೇ ಗತಿಯಾಗಬಹುದು, ಮೈಮೇಲೆ ಒಂದು ಗಾಯ ಇಲ್ಲದಿದ್ದರೂ. ಹಾಗಾಗಿ ಮೇವು, ನೀರಿನಲ್ಲಿ ಔಷಧಿ, ದೂರದಿಂದ ಡಾರ್ಟ್ (ಹಾರಿಸಿ ಚುಚ್ಚುವ ಸೂಜಿ), ಇಷ್ಟೇ ದಾರಿ. ತಪ್ಪು ಯಾರದ್ದು ಅಂತ ಕೇಳುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ, ನಾನು ಅಲ್ಲಿ ಇರಲಿಲ್ಲ. ಆದರೆ ಹಿಂಡಿನಲ್ಲಿ ಮೊದಲನೆಯದು ಸತ್ತ ದಿನವೇ ಅದನ್ನು ಕೊಯ್ದು ನೋಡಿ ಲ್ಯಾಬ್‌ಗೆ ಕಳಿಸೋದು ಎಷ್ಟು ದೊಡ್ಡದು ಅಂತ ಇಂಥ ಕಾಯಿಲೆಯಲ್ಲಿ ಗೊತ್ತಾಗುತ್ತದೆ.

ಊರ ನಾಯಿ, ಕೋಳಿಗೂ ಮೃಗಾಲಯಕ್ಕೂ ಏನು ಸಂಬಂಧ?

ಬಹಳ ಇದೆ. 2018ರಲ್ಲಿ ಗಿರ್ ಕಾಡಿನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ನಾಯಿಗಳ ಡಿಸ್ಟೆಂಪರ್ ವೈರಸ್ ಸಿಕ್ಕಿತು. 2000ದಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳನ್ನು ಕೊಂದದ್ದು ಸರ್ರಾ. ದನ, ಕುದುರೆಯ ರಕ್ತ ಹೀರುವ ದೊಡ್ಡ ನೊಣ ಹರಡುವ ಕಾಯಿಲೆ ಅದು. 2024ರ ಕೊನೆಗೆ ನಾಗಪುರದ ಗೋರೆವಾಡ ಪ್ರಾಣಿ ರಕ್ಷಣಾ ಕೇಂದ್ರದಲ್ಲಿ 3 ಹುಲಿ, 1 ಚಿರತೆ ಹಕ್ಕಿಜ್ವರದಿಂದ ಸತ್ತವು. ಬೆಕ್ಕಿನ ಜಾತಿಗೆ ಅದು ತಗಲುವ ಒಂದು ದಾರಿ ಹಸಿ ಕೋಳಿ ಮಾಂಸ. ಹೊಸ ಪ್ರಾಣಿ ಬಂದರೆ 30 ದಿನ ಬೇರೆ ಇಡುವುದು, ಬಾಗಿಲಲ್ಲಿ ಔಷಧಿ ನೀರಿನಲ್ಲಿ ಕಾಲು ಅದ್ದಿಸುವುದು ಇದಕ್ಕೇ. ಮನೆಗೆ ಹೊಸ ಹಕ್ಕಿ ತಂದಾಗ ನೀವೂ ಅಷ್ಟೇ ದಿನ ಬೇರೆ ಕೋಣೆಯಲ್ಲಿಡಿ.

ಹೊಲದಲ್ಲಿ ನವಿಲು ಬಿದ್ದಿದೆ, ಕುತ್ತಿಗೆ ಎತ್ತುತ್ತಿಲ್ಲ.

ಬಿತ್ತನೆ ಸಮಯವಾದರೆ ಔಷಧಿ ಹಚ್ಚಿದ ಬೀಜ ತಿಂದಿರಬಹುದು. ಜೊಲ್ಲು ಸುರಿಯುತ್ತಾ ನಡುಗುತ್ತಿದ್ದರೆ ಕೀಟನಾಶಕದ್ದೇ ಅನುಮಾನ. ಅದಕ್ಕೆ ಎದುರು ಔಷಧಿಯಾದ ಅಟ್ರೋಪಿನ್ ಬೇಗ ಬಿದ್ದರೆ ಉಳಿಯಬಹುದು. ಬಾಯಿಗೆ ಮಜ್ಜಿಗೆ ಹಾಕಬೇಡಿ. ಮೇಲೆ ಗೋಣಿಚೀಲ ಮುಚ್ಚಿ ನೆರಳಿಗೆ ಇಟ್ಟು ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಪಶು ಸಂಜೀವಿನಿ ಗಾಡಿಯ ನಂಬರ್ 1962, ಅಂಕಿ ಅದಲು ಬದಲು ಆದರೂ ನೆನಪಿಡಲು ಸುಲಭ. ಬಿದ್ದಿದ್ದ ಗರಿ ಮನೆಗೆ ತರುವ ಆಸೆ ಬೇಡ.

ಸತ್ತ ಮೇಲೂ ತರಬೇಕಾ?

ಮನೆಯಲ್ಲಿ ಇನ್ನೂ ಹಕ್ಕಿಗಳಿದ್ದರೆ ಖಂಡಿತ ತನ್ನಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್‌ನ ಕೆಳಗಿನ ಭಾಗದಲ್ಲಿ ಇಡಿ, ಐಸ್ ಆಗುವ ಫ್ರೀಜರ್‌ನಲ್ಲಿ ಬೇಡ. ಮಂಜು ಕಟ್ಟಿದರೆ ಒಳಗಿನ ಕಣಗಳು ಒಡೆದು ಸೂಕ್ಷ್ಮದರ್ಶಕದಲ್ಲಿ ಏನೂ ತಿಳಿಯೋದಿಲ್ಲ. ಫ್ರಿಜ್ ವಿಷಯಕ್ಕೆ ಮನೆಯಲ್ಲಿ ಜಗಳ ಆಗುತ್ತದೆ, ಗೊತ್ತು. ಮೂರು ಚೀಲ ಹಾಕಿ. ಆದರೆ ದನ, ಕುರಿ, ಜಿಂಕೆ ದಿಢೀರ್ ಸತ್ತು ಮೂಗು, ಗುದದಿಂದ ಕಪ್ಪು ರಕ್ತ ಸೋರುತ್ತಿದ್ದರೆ ಮುಟ್ಟಬೇಡಿ, ಕೊಯ್ಯಲೂ ಬೇಡಿ. ಅದು ನೆರಡಿ, ಅಂದರೆ ಆಂಥ್ರಾಕ್ಸ್ ಇರಬಹುದು. ಡಾಕ್ಟರನ್ನು ಅಲ್ಲಿಗೇ ಕರೆಸಿ.

ಹೊರದೇಶದ ಹಕ್ಕಿ ಸಾಕಲು ನೋಂದಣಿ ಬೇಕಂತೆ?

2024ರ ಫೆಬ್ರುವರಿಯಲ್ಲಿ ನಿಯಮ ಬಂದಿದೆ. ಮಕಾ, ಆಫ್ರಿಕನ್ ಗ್ರೇ ಗಿಳಿ, ಇಗ್ವಾನಾದಂಥವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿಯಾದರೆ, ಸತ್ತರೆ ಅದನ್ನೂ ತಿಳಿಸಬೇಕು. ನೋಂದಣಿ ಇಲ್ಲ ಅಂತ ಹೆದರಿ ಚಿಕಿತ್ಸೆ ತಪ್ಪಿಸಬೇಡಿ.

ಹಕ್ಕಿಯ ಬೆಲೆಗಿಂತ ಪರೀಕ್ಷೆಯ ಬಿಲ್ಲೇ ಜಾಸ್ತಿ ಅಲ್ವಾ?

ಹೌದು. ಅದನ್ನು ಮುಚ್ಚಿಡೋದಿಲ್ಲ. ಹಿಕ್ಕೆ ಪರೀಕ್ಷೆ, ತೂಕ, ಊಟ ತಿದ್ದುವುದು, ಇಷ್ಟರಲ್ಲೇ ಮುಗಿಯುವ ಕೇಸುಗಳು ಬಹಳ. ಎಕ್ಸ್‌ರೇ, ರಕ್ತ ಎಲ್ಲರಿಗೂ ಬರೆಯುವುದಿಲ್ಲ. ಎಷ್ಟು ಖರ್ಚು ಮಾಡಬಲ್ಲಿರಿ ಅಂತ ಮೊದಲೇ ಹೇಳಿ, ನಾಚಿಕೆ ಬೇಡ. ಅದಕ್ಕೆ ತಕ್ಕ ಹಾಗೆ ಯಾವ ಪರೀಕ್ಷೆ ಮೊದಲು ಅಂತ ಆರಿಸಬಹುದು.

ರಾತ್ರಿ ಫೋನ್ ಮಾಡಬಹುದಾ?

ಮಾಡಿ. ಅದಕ್ಕೂ ಮೊದಲು ಹಕ್ಕಿಯನ್ನು ತೂಗಿ, ಹಿಕ್ಕೆಯ ಫೋಟೋ ತೆಗೆದಿಟ್ಟುಕೊಳ್ಳಿ. ನಿದ್ದೆಗಣ್ಣಲ್ಲಿ ನಾನು ಮೊದಲು ಕೇಳುವುದು ಅವೆರಡನ್ನೇ.